ಮುರ್ಕಿಯ ದಾರಿ: ಊರು, ದಿನ, ಹೆಸರಿಲ್ಲದ ಚಿತ್ರಗಳ ಒಂದು ಚರಿತ್ರೆ

ಗಚ್ಚಿಬೌಲಿಯಿಂದ ಬೀದರಿಗೆ ಹೊರಟವರು ಲಿಂಗಂಪಲ್ಲಿ, ಪಟಾನ್‌ಚೆರು, ಸಂಗಾರೆಡ್ಡಿಗಳನ್ನು ದಾಟಿ ಜಹೀರಾಬಾದಿನಲ್ಲಿ ಬಲಕ್ಕೆ ತಿರುಗುತ್ತಾರೆ. ಸುಮಾರು ಮೂರು ಗಂಟೆಯ ಹಾದಿ. 1956ರ ನವೆಂಬರ್ 1ರವರೆಗೆ ಈ ಹಾದಿಯ ಎರಡೂ ತುದಿಗಳು ಒಂದೇ ರಾಜ್ಯದಲ್ಲಿದ್ದವು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ಜನ ಕೋರ್ಟು, ಕಾಲೇಜು, ದವಾಖಾನೆಗಳ ಕೆಲಸಕ್ಕೆ ಹೈದರಾಬಾದಿಗೇ ಬರುತ್ತಿದ್ದರು. ರಾಜ್ಯಗಳು ಬೇರೆಯಾದ ಮೇಲೂ ಬರುವುದು ನಿಲ್ಲಲಿಲ್ಲ. ನಮ್ಮ ಬಳಗದಲ್ಲಿ ಕೇಂದ್ರ ಸರಕಾರದ ವರ್ಗಾವಣೆಯ ಆದೇಶ ಹಿಡಿದು ಬಂದ ನಮ್ಮಂಥವರು ಕೆಲವರಾದರೆ, ಈ ಹಾದಿಯಲ್ಲಿ ಬಂದು ನೆಲೆ ನಿಂತವರು ಹಲವರು. ದೀಪಾವಳಿಗೆ, ಮದುವೆಗೆ, ಮಣ್ಣಿಗೆ ಅವರು ಮರಳುವುದೂ ಇದೇ ಹಾದಿಯಲ್ಲಿ.

2018ರ ಜುಲೈ 13ರ ಶುಕ್ರವಾರ ಹೈದರಾಬಾದಿನಿಂದ ಕೆಲವು ಗೆಳೆಯರು ಕಾರಿನಲ್ಲಿ ಬೀದರ ಜಿಲ್ಲೆಗೆ ಹೋದರು. ಅವರಲ್ಲೊಬ್ಬರ ಮೂಲ ಊರು ಆ ಜಿಲ್ಲೆಯದೇ. ಇನ್ನೊಬ್ಬರು ಕತಾರ್ ದೇಶದಿಂದ ಬಂದ ಅತಿಥಿ. ನಡುವೆ ಒಂದು ಕಡೆ ಕಾರು ನಿಲ್ಲಿಸಿದಾಗ ಅಲ್ಲಿದ್ದ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಪರ ಊರಿನವರು ಮಕ್ಕಳಿಗೆ ಚಾಕೊಲೇಟು ಕೊಡುತ್ತಿದ್ದಾರೆಂಬ ಮಾತು ಹಬ್ಬಿ ಜನ ಸೇರಿದರು, ವಾಗ್ವಾದವಾಯಿತು, ಗೆಳೆಯರು ಕಾರು ಹತ್ತಿ ಹೊರಟುಬಿಟ್ಟರು. ಆದರೆ ಮಕ್ಕಳ ಕಳ್ಳರು ಬರುತ್ತಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮೊದಲೇ ಮುಂದಿನ ಊರನ್ನು ತಲುಪಿತ್ತು. ಔರಾದ ತಾಲ್ಲೂಕಿನ ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿ ಜನ ಕಾದಿದ್ದರು. ಕಾರು ರಸ್ತೆ ಬದಿಯ ತಗ್ಗಿಗೆ ಉರುಳಿತು. ಆಮೇಲೆ ಕಲ್ಲು, ಬಡಿಗೆ. ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಬಿಡಿಸಲು ನಡುವೆ ಹೋದ ಪೊಲೀಸರಿಗೂ ಪೆಟ್ಟಾಯಿತು. ವಾಟ್ಸಾಪ್ ಗುಂಪೊಂದರ ನಿರ್ವಾಹಕನೂ ಸೇರಿ 30ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು.

ಸತ್ತವರ ಹೆಸರು ಅಂದಿನ ಎಲ್ಲ ಪತ್ರಿಕೆಗಳಲ್ಲಿ ಬಂದಿದೆ, ನಮಗೂ ಗೊತ್ತಿದೆ. ಅದನ್ನು ಇಲ್ಲಿ ಬರೆಯುತ್ತಿಲ್ಲ. ಅವರು ಬದುಕಿದ್ದ ನಗರದಲ್ಲೇ ನಾವಿದ್ದೇವೆ; ಅವರ ಮನೆಯವರೂ ಓದಬಹುದಾದ ಕಾಲ ಇದು.

ಆ ಬೇಸಿಗೆಯಲ್ಲಿ ಇದು ಮೊದಲ ಸಾವೇನೂ ಆಗಿರಲಿಲ್ಲ. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯ ಬಳಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದಿದ್ದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾ ಎಂಬ ಹಳ್ಳಿಯ ಸಂತೆಯಲ್ಲಿ ಐವರನ್ನು ಇದೇ ಅನುಮಾನದ ಮೇಲೆ ಕೊಲ್ಲಲಾಯಿತು. ಅವರು ಭಿಕ್ಷೆ ಬೇಡಿ ಊರೂರು ತಿರುಗುವ ಗೋಸಾವಿ ಸಮುದಾಯದವರು. ಅವರ ಊರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ. ಬಸವಣ್ಣನವರು ಬಿಜ್ಜಳನ ಕರಣಿಕರಾಗಿದ್ದರೆಂದು ನಾವೆಲ್ಲ ಶಾಲೆಯಲ್ಲಿ ಓದಿದ ಅದೇ ಮಂಗಳವೇಢೆ. ಬೆಂಗಳೂರು, ಮಂಗಳವೇಢೆ, ಮುರ್ಕಿ: ಕನ್ನಡದ ನೆಲಕ್ಕೂ ನೆನಪಿಗೂ ಸೇರಿದ ಮೂರು ಊರುಗಳು ಎಂಟು ವಾರಗಳೊಳಗೆ ಒಂದೇ ಕಾರಣಕ್ಕೆ ಸುದ್ದಿಯಾದವು.

ಆ ಕಾರಣದ ಹಿಂದೆ ಕೆಲವು ಚಿತ್ರಗಳಿದ್ದವು. ಎಲ್ಲಕ್ಕಿಂತ ಹೆಚ್ಚು ಹರಿದಾಡಿದ್ದು ಒಂದು ಪುಟ್ಟ ವಿಡಿಯೋ. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ, ಮೋಟಾರ್ ಸೈಕಲ್ಲಿನಲ್ಲಿ ಇಬ್ಬರು ಬರುತ್ತಾರೆ, ಹಿಂದೆ ಕೂತವನು ಒಂದು ಮಗುವನ್ನು ಎತ್ತಿಕೊಳ್ಳುತ್ತಾನೆ, ಬೈಕು ಮರೆಯಾಗುತ್ತದೆ. ನಿಜದಲ್ಲಿ ಅದು ಪಾಕಿಸ್ತಾನದ ಕರಾಚಿಯ ಸಂಸ್ಥೆಯೊಂದು ಮಕ್ಕಳ ಸುರಕ್ಷತೆಗಾಗಿ ಮಾಡಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕು ಹಿಂತಿರುಗುತ್ತದೆ, ಮಗುವನ್ನು ಇಳಿಸುತ್ತದೆ, ಸವಾರ ಒಂದು ಫಲಕ ತೋರಿಸುತ್ತಾನೆ: ಮಗುವೊಂದನ್ನು ಅಪಹರಿಸಲು ಒಂದು ಕ್ಷಣ ಸಾಕು, ಎಚ್ಚರವಾಗಿರಿ ಎಂಬ ಅರ್ಥದ ಬರಹ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಮತ್ತೊಂದು ಚಿತ್ರದಲ್ಲಿ ಸಾಲಾಗಿ ಮಲಗಿಸಿದ ಮಕ್ಕಳ ಶವಗಳಿದ್ದವು. ಅವು 2013ರಲ್ಲಿ ಸಿರಿಯಾದ ಘೌಟಾದಲ್ಲಿ ವಿಷಾನಿಲದಿಂದ ಸತ್ತ ಮಕ್ಕಳು. ನಮ್ಮಲ್ಲಿಗೆ ಬರುವಷ್ಟರಲ್ಲಿ ಅವರು ಅಂಗಾಂಗಕ್ಕಾಗಿ ಕೊಲೆಯಾದ ಭಾರತದ ಮಕ್ಕಳಾಗಿದ್ದರು. ಎರಡರಲ್ಲೂ ನಡೆದದ್ದು ಒಂದೇ. ಚಿತ್ರವನ್ನು ಯಾರೂ ಹೊಸದಾಗಿ ಸೃಷ್ಟಿಸಲಿಲ್ಲ. ಇದ್ದ ಚಿತ್ರದಿಂದ ಊರು, ದಿನ, ಹೆಸರುಗಳನ್ನು ತೆಗೆದುಹಾಕಿದರು. ಊರಿಲ್ಲದ ಚಿತ್ರ ಯಾವ ಊರಿಗೂ ಸಲ್ಲುತ್ತದೆ. ದಿನವಿಲ್ಲದ ಚಿತ್ರ ಎಂದೆಂದಿಗೂ ನಿನ್ನೆಯದೇ.

ಇಲ್ಲಿ ನಾವು ಒಂದು ಮಾತು ಒಪ್ಪಿಕೊಳ್ಳಬೇಕು. ಆ ವಿಡಿಯೋ ಜೂನ್ ತಿಂಗಳಲ್ಲಿ ನಮ್ಮ ಬಳಗದ ಗುಂಪಿಗೂ ಬಂದಿತ್ತು. ಕವಿತೆ, ಪುಸ್ತಕ ಬಿಡುಗಡೆಯ ಕರೆಯೋಲೆ, ಹುಟ್ಟುಹಬ್ಬದ ಶುಭಾಶಯಗಳ ನಡುವೆ ಅದೂ ಇತ್ತು. ‘ಎಚ್ಚರದಿಂದಿರಿ’ ಎಂಬ ಒಂದೇ ಸಾಲು ಜೊತೆಗೆ. ನಾವು ಯಾರೂ ಪ್ರಶ್ನಿಸಲಿಲ್ಲ. ಇದನ್ನು ಬರೆಯುತ್ತಿರುವ ನಾವೂ ಅದನ್ನು ಊರ ಕಡೆಯ ಬಂಧುಗಳ ಗುಂಪಿಗೆ ದಾಟಿಸಿದೆವು. ದಾಟಿಸುವಾಗ ತಪ್ಪು ಮಾಡುತ್ತಿದ್ದೇವೆಂದು ಅನಿಸುವುದಿರಲಿ, ಕರ್ತವ್ಯ ಮಾಡಿದ ಸಮಾಧಾನವೇ ಆಯಿತು. ಕಚೇರಿಯಲ್ಲಿ ಒಂದು ಟಿಪ್ಪಣಿಗೆ ಸಹಿ ಹಾಕುವ ಮುನ್ನ ಕಡತದ ಹಿಂದಿನ ಪುಟಗಳನ್ನೆಲ್ಲ ತಿರುವಿ ನೋಡುವವರು ನಾವು. ಮಗುವೊಂದರ ಅಪಹರಣದ ದೃಶ್ಯವನ್ನು ನೂರು ಜನರಿಗೆ ಕಳುಹಿಸುವ ಮುನ್ನ ಏನನ್ನೂ ನೋಡಲಿಲ್ಲ. ನಮ್ಮ ಕೈ ದಾಟಿದ ಆ ತುಣುಕು ಮುಂದೆ ಎಲ್ಲೆಲ್ಲಿ ಹೋಯಿತೋ ತಿಳಿಯುವ ದಾರಿಯಿಲ್ಲ. ಆ ತಂತ್ರಜ್ಞಾನವಿರುವುದೇ ಹಾಗೆ. ಬಂದ ಸಂದೇಶ ಬೇರೆಡೆಯಿಂದ ದಾಟಿಬಂದದ್ದು ಎಂಬ ಗುರುತನ್ನು ವಾಟ್ಸಾಪ್ ತೋರಿಸತೊಡಗಿದ್ದೂ 2018ರ ಜುಲೈ 10ರಂದು, ಮುರ್ಕಿಯ ಘಟನೆಗೆ ಮೂರು ದಿನ ಮೊದಲು. ಅದುವರೆಗೆ ಕಳುಹಿಸಿದವರೇ ಕಣ್ಣಾರೆ ಕಂಡವರಂತೆ ಕಾಣುತ್ತಿದ್ದರು.

ವದಂತಿ ನಮಗೆ ಹೊಸತಲ್ಲ. 1990ರ ದಶಕದಲ್ಲಿ ಕರ್ನಾಟಕದ ಊರೂರುಗಳ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದನ್ನು ನಮ್ಮ ವಯಸ್ಸಿನವರು ಕಂಡಿದ್ದೇವೆ. ರಾತ್ರಿ ದೆವ್ವವೊಂದು ಬಂದು ಮನೆಯವರ ದನಿಯಲ್ಲಿ ಕೂಗುತ್ತದೆ, ಓಗೊಟ್ಟವರು ಸಾಯುತ್ತಾರೆ. ಬಾಗಿಲ ಮೇಲಿನ ಬರಹ ಓದಿದರೆ ಹಿಂತಿರುಗುತ್ತದೆ ಎಂಬ ನಂಬಿಕೆ. ಆ ದೆವ್ವವನ್ನು ಕಂಡವರು ಯಾರೂ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲೇ ಅದಕ್ಕೊಂದು ರೂಪ ಕೊಟ್ಟುಕೊಳ್ಳಬೇಕಿತ್ತು; ಸುಣ್ಣದ ತುಂಡಿನಿಂದ ಎರಡು ಪದ ಬರೆದು ಮಲಗಿದರೆ ಭಯಕ್ಕೆ ಅಷ್ಟರಮಟ್ಟಿನ ಉಪಶಮನ ಸಿಗುತ್ತಿತ್ತು. ಚಿತ್ರವಿಲ್ಲದ ವದಂತಿಯೂ ಚರಿತ್ರೆಯಲ್ಲಿ ಬೇಕಾದಷ್ಟು ಜೀವ ತೆಗೆದಿದೆ, ಅದನ್ನು ಮರೆಯಬಾರದು. ಆದರೂ ಕೇಳಿದ ಮಾತನ್ನು ಅನುಮಾನಿಸಲು ನಮ್ಮ ಹಿರಿಯರಿಗೆ ಒಂದು ಪಾಠವಿತ್ತು: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಕೈಯಲ್ಲಿರುವ ಪರದೆ ‘ಪ್ರತ್ಯಕ್ಷ’ವನ್ನು ಅಗ್ಗ ಮಾಡಿತು; ಪ್ರಮಾಣಿಸುವ ಕೆಲಸವನ್ನು ಮಾತ್ರ ಅಷ್ಟೇ ಕಷ್ಟವಾಗಿ ಉಳಿಸಿತು.

ಇದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ, 2012ರ ಆಗಸ್ಟಿನಲ್ಲಿ. ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್ ಸುತ್ತಮುತ್ತ ಭೀಕರ ಹಿಂಸಾಚಾರವಾಗಿತ್ತು. ಅದರದೆಂದು ಹೇಳಿ ಬೇರೆಲ್ಲಿಯೋ ನಡೆದ ನೈಸರ್ಗಿಕ ವಿಕೋಪಗಳ ಶವಗಳ ಚಿತ್ರಗಳೂ ಮೊಬೈಲುಗಳಲ್ಲಿ, ಜಾಲತಾಣಗಳಲ್ಲಿ ಹರಿದಾಡಿದವು. ರಂಜಾನ್ ಮುಗಿದೊಡನೆ ದಕ್ಷಿಣದ ನಗರಗಳಲ್ಲಿರುವ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಸಂದೇಶಗಳು ಬಂದವು. ಸ್ವಾತಂತ್ರ್ಯ ದಿನದ ಸಂಜೆಯಿಂದ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಸಾವಿರಾರು ಯುವಕ ಯುವತಿಯರು ನೆರೆದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಹೈದರಾಬಾದಿನಿಂದಲೂ ಜನ ಹೊರಟರು. ಹೋಟೆಲುಗಳಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ, ಕಾವಲು ಕೆಲಸದಲ್ಲಿ ಇದ್ದವರು ಸಂಬಳ ಕೂಡ ಕೇಳದೆ ಹೋದರು. ಬರಲಿದೆ ಎಂದ ದಾಳಿ ಬರಲಿಲ್ಲ. ಆದರೆ ಮನಸ್ಸಿನ ಲೆಕ್ಕದಲ್ಲಿ ಅದು ಆಗಿಹೋಗಿತ್ತು. ಎಲ್ಲಿಯೋ ಸತ್ತವರ ದೇಹದಲ್ಲಿ ಆ ಮಕ್ಕಳು ತಮ್ಮ ಮುಖವನ್ನು ಕಂಡುಬಿಟ್ಟಿದ್ದರು. ಆಗಸ್ಟ್ 17ರಂದು ಕೇಂದ್ರ ಸರಕಾರ 15 ದಿನಗಳ ಮಟ್ಟಿಗೆ ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳುಹಿಸದಂತೆ ತಡೆಯಿತು. ಕೆಲವೇ ದಿನಗಳಲ್ಲಿ ಆ ಮಿತಿಯನ್ನು 20ಕ್ಕೆ ಏರಿಸಿತು.

ನಾಲ್ಕು ವರ್ಷಗಳ ಬಳಿಕ, 2016ರ ಸೆಪ್ಟೆಂಬರಿನಲ್ಲಿ, ಸರದಿ ನಮ್ಮದಾಯಿತು. ಕಾವೇರಿ ನೀರಿನ ವಿವಾದ ಕಾವೇರಿದ್ದಾಗ ಫೇಸ್‌ಬುಕ್‌ನಲ್ಲಿ ಕನ್ನಡ ಚಿತ್ರನಟರನ್ನು ಗೇಲಿ ಮಾಡಿದನೆಂದು ಬೆಂಗಳೂರಿನಲ್ಲಿ ತಮಿಳು ತರುಣನೊಬ್ಬನನ್ನು ಹೊಡೆದರು. ಹೊಡೆಯುವುದನ್ನು ಚಿತ್ರೀಕರಿಸಿ ಹಂಚಿದರು. ಆ ವಿಡಿಯೋ ತಮಿಳುನಾಡಿಗೆ ಹೋಯಿತು. ಅಲ್ಲಿಂದ ಉತ್ತರವಾಗಿ ಬೇರೆ ವಿಡಿಯೋಗಳು ಬಂದವು: ರಾಮೇಶ್ವರದಲ್ಲಿ ಕರ್ನಾಟಕ ನೋಂದಣಿಯ ವಾಹನಗಳ ಮೇಲೆ ದಾಳಿ, ಕೆನ್ನೆಗೆ ಏಟು ತಿಂದು ಹೇಳಿಕೊಟ್ಟ ಘೋಷಣೆ ಕೂಗುವ ಚಾಲಕ. ಸೆಪ್ಟೆಂಬರ್ 12ರಂದು, ಸುಪ್ರೀಂ ಕೋರ್ಟು ನೀರಿನ ಪ್ರಮಾಣವನ್ನು 15,000 ಕ್ಯೂಸೆಕ್‌ನಿಂದ 12,000ಕ್ಕೆ ಬದಲಿಸಿದ ದಿನವೇ, ಬೆಂಗಳೂರು ಹೊತ್ತಿ ಉರಿಯಿತು. ಖಾಸಗಿ ಸಂಸ್ಥೆಯೊಂದರ ಹತ್ತಾರು ಬಸ್ಸುಗಳು ಒಂದೇ ಅಂಗಳದಲ್ಲಿ ಸುಟ್ಟುಹೋದವು. ಆ ಬೆಂಕಿಯ ದೃಶ್ಯವನ್ನು ಹೈದರಾಬಾದಿನಲ್ಲಿ ಕೂತು ನೋಡಿದ ನಮಗೆ ನೆನಪಾದದ್ದು ಚೆನ್ನೈ, ಕೊಯಮತ್ತೂರುಗಳಲ್ಲಿದ್ದ ನಮ್ಮ ಬಳಗಗಳು. ಕಾರಿನ ನೋಂದಣಿ ಫಲಕದ ಎರಡು ಅಕ್ಷರಗಳು ಒಬ್ಬ ಮನುಷ್ಯನ ಪೂರ್ತಿ ಗುರುತಾಗಬಹುದು ಎಂಬುದನ್ನು ಹೊರನಾಡಿನಲ್ಲಿರುವವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ. ನಾವೆಲ್ಲರೂ ಯಾವುದೋ ಒಂದು ರಸ್ತೆಯಲ್ಲಿ ಗುರುತಿಲ್ಲದವರೇ. 2012ರಲ್ಲಿ ಬೆಂಗಳೂರಿನ ನಿಲ್ದಾಣದಲ್ಲಿ ಗಂಟು ಹಿಡಿದು ನಿಂತವರನ್ನು, 2018ರಲ್ಲಿ ಮುರ್ಕಿಯ ತಗ್ಗಿಗೆ ಬಿದ್ದವರನ್ನು ‘ಅವರು’ ಎಂದು ಕರೆಯುವ ಅನುಕೂಲ ನಮಗಿಲ್ಲ.

ಹಾಗಾದರೆ ಹಿಂಸೆಯ ಚಿತ್ರವನ್ನೇ ನೋಡಬಾರದೇ? ನಮ್ಮ ಪರಂಪರೆ ಹಾಗೆ ಹೇಳಿದಂತೆ ಕಾಣುವುದಿಲ್ಲ. ಕನ್ನಡ ನಾಡಿನಷ್ಟು ಹೇರಳವಾಗಿ ವೀರಗಲ್ಲುಗಳು ಸಿಗುವ ಸೀಮೆಗಳು ಕಡಿಮೆ. ಊರಬಾಗಿಲಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ ನಿಂತಿರುವ ಆ ಕಲ್ಲುಗಳ ಮೇಲೆ ಬಾಣ ನಾಟಿದ ದೇಹಗಳಿವೆ, ಬಿದ್ದ ಕುದುರೆಗಳಿವೆ, ಕುತ್ತಿಗೆಗೆ ಇಳಿದ ಕತ್ತಿಗಳಿವೆ. ಬೆಂಗಳೂರಿನ ಬೇಗೂರಿನಲ್ಲಿ ದೊರೆತ ಗಂಗರ ಕಾಲದ ಕಲ್ಲಿನ ಮೇಲೆ ಇಡೀ ಕಾಳಗವೇ ಇದೆ. ಮಕ್ಕಳು ಆ ಕಲ್ಲುಗಳ ಸುತ್ತಲೇ ಆಡಿ ಬೆಳೆದರು. ಆದರೆ ಆ ಚಿತ್ರ ಒಂದು ಚೌಕಟ್ಟಿನೊಳಗಿತ್ತು. ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಬರಹವಿದ್ದ ಕಲ್ಲುಗಳು ಯಾವ ಅರಸನ ಕಾಲ, ಯಾವ ಊರ ತುರು ಹಿಂದಿರುಗಿಸುವಾಗ, ಯಾರ ಮಗ ಬಿದ್ದ ಎಂಬುದನ್ನು ಹೇಳುತ್ತಿದ್ದವು. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949–50ರ ಆತಕೂರಿನ ಕಲ್ಲು ಕಾಡುಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಯ ನೆನಪಿಗೆ ನಿಂತದ್ದು. ಆ ನಾಯಿಯ ಹೆಸರು ಕಾಳಿ ಎಂಬುದು ನಮಗೆ ಇಂದಿಗೂ ಗೊತ್ತು. ಸಾವಿರ ವರ್ಷದ ಹಿಂದೆ ನಾಯಿಯೊಂದರ ಸಾವಿಗೆ ಸಿಕ್ಕ ಮರ್ಯಾದೆ ಘೌಟಾದ ಮಕ್ಕಳ ಸಾವಿಗೆ ನಮ್ಮ ಮೊಬೈಲುಗಳಲ್ಲಿ ಸಿಗಲಿಲ್ಲ.

ವೀರಗಲ್ಲು ಯುದ್ಧವನ್ನು ವೈಭವೀಕರಿಸಲಿಲ್ಲವೇ ಎಂದು ಕೇಳಬಹುದು. ವೈಭವೀಕರಿಸಿತು, ಸಂದೇಹವಿಲ್ಲ; ಅದನ್ನು ನೋಡಿ ಮತ್ತೆ ಕಾಳಗಕ್ಕೆ ಹೋದವರೂ ಇದ್ದಾರು. ಅದರೊಡನೆ ಹತ್ತನೆಯ ಶತಮಾನದ ರನ್ನನನ್ನೂ ಇಟ್ಟು ಓದಬೇಕು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ನಮಗೆ ಗ್ರೀಕ್ ದುರಂತ ನಾಟಕಗಳಲ್ಲಿ ಕೊಲೆ ರಂಗದ ಮೇಲೆ ನಡೆಯುವುದಿಲ್ಲ, ದೂತನೊಬ್ಬ ಬಂದು ವರದಿ ಮಾಡುತ್ತಾನೆ ಎಂದು ಕಲಿಸಿದ್ದರು. ಗದಾಯುದ್ಧದ ದಾರಿ ಬೇರೆ. ಅಲ್ಲಿ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆಯೇ ನಡೆಯುತ್ತಾನೆ. ದ್ರೋಣನನ್ನು, ಮಗ ಲಕ್ಷ್ಮಣನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಗುರುತಿಸುತ್ತಾನೆ, ಪ್ರತಿಯೊಬ್ಬರ ಬಳಿ ನಿಲ್ಲುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಬಳಿಯೂ ನಿಲ್ಲುತ್ತಾನೆ, ಅವನ ಪರಾಕ್ರಮಕ್ಕೆ ಮಣಿಯುತ್ತಾನೆ. ಓದುಗರಾದ ನಮಗೆ ಅಷ್ಟೂ ಶವಗಳ ನಡುವೆ ಜುಗುಪ್ಸೆಗಿಂತ ದುಃಖ ಮುಂದಾಗುವುದು ಆ ನಿಲ್ಲುವಿಕೆಯಿಂದ. ಬೆರಳು ಮೇಲಕ್ಕೆ ಸರಿಸಿದರೆ ಮುಂದಿನ ದೃಶ್ಯಕ್ಕೆ ಹೋಗುವ ಪರದೆಯಲ್ಲಿ ನಿಲ್ಲುವ ಜಾಗವೇ ಇಲ್ಲ. ಒಂದು ಹತ್ಯೆ, ಅದರ ಕೆಳಗೆ ಒಂದು ಸೀರೆ ಅಂಗಡಿಯ ಜಾಹೀರಾತು, ಅದರ ಕೆಳಗೆ ಅಡುಗೆಯ ವಿಡಿಯೋ.

ಹೀಗೆ ನಿಲ್ಲದೆ ನೋಡಿದ್ದು ಮನಸ್ಸಿನಲ್ಲಿ ಏನು ಮಾಡುತ್ತದೆ ಎಂಬುದರ ಬಗ್ಗೆ ಒಂದು ಅಧ್ಯಯನ ನಮ್ಮನ್ನು ಬಹಳ ಕಾಡಿದೆ. 2013ರ ಏಪ್ರಿಲ್‌ನಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್ ಓಟದ ವೇಳೆ ಬಾಂಬ್ ಸ್ಫೋಟವಾಯಿತು. ಆ ಬಳಿಕ ಅಲಿಸನ್ ಹೋಲ್‌ಮನ್, ಡಾನಾ ರೋಸ್ ಗಾರ್ಫಿನ್, ರಾಕ್ಸೇನ್ ಸಿಲ್ವರ್ ಎಂಬ ಸಂಶೋಧಕರು 4,675 ಮಂದಿಯನ್ನು ಪ್ರಶ್ನಿಸಿದರು. ಸ್ಫೋಟದ ನಂತರದ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿ ಮತ್ತು ದೃಶ್ಯಗಳಲ್ಲಿ ಮುಳುಗಿದ್ದವರಲ್ಲಿ, ಸ್ಫೋಟದ ಸ್ಥಳದಲ್ಲಿ ಅಥವಾ ಬಳಿ ಇದ್ದವರಲ್ಲಿ ಕಂಡದ್ದಕ್ಕಿಂತಲೂ ಹೆಚ್ಚಿನ ತೀವ್ರ ಒತ್ತಡದ ಲಕ್ಷಣಗಳು ಕಂಡುಬಂದವು. ಕೇಳಲು ವಿಚಿತ್ರ. ಆದರೆ ಸ್ಥಳದಲ್ಲಿದ್ದವನಿಗೆ ಆ ಘಟನೆಗೆ ಒಂದು ಕೊನೆಯಿತ್ತು: ಹೊಗೆ ಆರಿತು, ಆಂಬುಲೆನ್ಸ್ ಬಂತು, ಅವನು ಯಾರದೋ ಕೈ ಹಿಡಿದು ಎಬ್ಬಿಸಿರಬಹುದು, ಮನೆಗೆ ನಡೆದ. ಪರದೆಯ ಮುಂದೆ ಕೂತವನಿಗೆ ಅದೇ ಬಾಂಬು ನೂರು ಸಲ ಸಿಡಿಯಿತು, ಮಾಡಲು ಮಾತ್ರ ಕೈಗೆ ಕೆಲಸವಿರಲಿಲ್ಲ. ಅದಕ್ಕೂ ಬಹಳ ಮೊದಲು, 1970ರ ದಶಕದಲ್ಲಿ, ಜಾರ್ಜ್ ಗರ್ಬ್ನರ್ ಎಂಬ ವಿದ್ವಾಂಸ ಟಿವಿಯನ್ನು ಹೆಚ್ಚು ನೋಡುವವರು ಜಗತ್ತು ಇರುವುದಕ್ಕಿಂತ ಕ್ರೂರವೆಂದು ನಂಬುತ್ತಾರೆಂದು ತೋರಿಸಲು ಯತ್ನಿಸಿದ್ದರು.

ಇದಕ್ಕೆ ಉದಾಹರಣೆ ಹುಡುಕಲು ನಾವು ಅಮೆರಿಕಕ್ಕೆ ಹೋಗಬೇಕಿಲ್ಲ. ಗಚ್ಚಿಬೌಲಿಯ ವಸತಿ ಸಮುಚ್ಚಯಗಳಲ್ಲಿ ಊರಿನಿಂದ ಬಂದ ಅಜ್ಜಿಯರು, ಅಜ್ಜಂದಿರು ಇದ್ದಾರೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಅವರಿಗೆ ಮಾತಿಗೆ ಸಿಗುವುದು ಮೊಬೈಲು. ನಮ್ಮ ಬಳಗದ ಒಬ್ಬರ ತಾಯಿ, ಜೀವಮಾನವೆಲ್ಲ ಬಾಗಿಲು ತೆರೆದಿಟ್ಟೇ ಬದುಕಿದ ಬೀದರ ಕಡೆಯ ಹಿರಿಯರು, ಆ ವರ್ಷ ಮೊಮ್ಮಗಳನ್ನು ಉದ್ಯಾನಕ್ಕೆ ಕರೆದುಕೊಂಡು ಹೋಗುವುದನ್ನೇ ಬಿಟ್ಟರು. ‘ಕೂಸಿನ್ನ ಕೆಳಗ ಬಿಡಬ್ಯಾಡ್ರಿ’ ಎಂದು ಸೊಸೆಗೆ ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ರಾತ್ರಿ ಎದ್ದು ಚಿಲಕ ಮುಟ್ಟಿ ನೋಡುತ್ತಿದ್ದರು. ನಾವು ಅದನ್ನು ವಯಸ್ಸಿನ ಚಡಪಡಿಕೆ ಎಂದುಕೊಂಡೆವು. ಅವರ ಮೊಬೈಲಿನಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾವೇ ಕಳುಹಿಸಿದ ವಿಡಿಯೋ ಅಲ್ಲಿ ಸಿಗುತ್ತಿತ್ತು.

ಭಯದಂತೆಯೇ ಕೋಪಕ್ಕೂ ಚಿತ್ರ ಬೇಕು. 2019ರ ನವೆಂಬರ್ 27ರ ರಾತ್ರಿ ಹೈದರಾಬಾದಿನ ಶಂಶಾಬಾದ್ ಬಳಿ ಯುವ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರ ಎಸಗಿ ಕೊಂದು ದೇಹವನ್ನು ಸುಟ್ಟರು. ಸಂತ್ರಸ್ತೆಯ ಗುರುತನ್ನು ಬಹಿರಂಗಪಡಿಸಬಾರದೆಂಬ ಕಾನೂನಿದ್ದರೂ ಹೆಸರು, ಭಾವಚಿತ್ರ, ದೃಶ್ಯಗಳು ಎಲ್ಲೆಡೆ ಹರಡಿದವು. ಕೊನೆಗೆ ಪೊಲೀಸರು ‘ದಿಶಾ’ ಎಂಬ ಹೆಸರಿನಿಂದ ಕರೆಯಿರೆಂದು ಮನವಿ ಮಾಡಬೇಕಾಯಿತು. ಡಿಸೆಂಬರ್ 6ರ ಮುಂಜಾನೆ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂ ಎರಚಿದರು. ಆ ದೃಶ್ಯವೂ ಹರಿದಾಡಿತು, ಹೆಣಗಳ ದೃಶ್ಯವೂ ಹರಿದಾಡಿತು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾದಾಗ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು ಎಂಬ ಅದರ ತೀರ್ಮಾನವನ್ನು ಓದುವ ವ್ಯವಧಾನ ನಮ್ಮಲ್ಲಿ ಎಷ್ಟು ಮಂದಿಗೆ ಉಳಿದಿತ್ತು? ಒಂದು ಭೀಕರ ಚಿತ್ರ ಕಂಡ ಮನಸ್ಸು ಅದನ್ನು ಅಳಿಸಲು ಅಷ್ಟೇ ಭೀಕರವಾದ ಇನ್ನೊಂದನ್ನು ಕೇಳುತ್ತದೆ. ಅದು ಸಿಕ್ಕಿದ ಮೇಲೆ ವಿಚಾರಣೆ, ಸಾಕ್ಷ್ಯ, ತೀರ್ಪುಗಳ ನಿಧಾನ ಅದಕ್ಕೆ ಬೇಡವಾಗುತ್ತದೆ.

ಇಷ್ಟೆಲ್ಲ ನಮ್ಮ ಕಣ್ಣಿಗೆ ಬಿದ್ದದ್ದು. ಬೀಳದಂತೆ ತಡೆದದ್ದು ಇದಕ್ಕಿಂತ ಎಷ್ಟೋ ಹೆಚ್ಚು, ಮತ್ತು ಅದನ್ನು ತಡೆಯುವ ಕೆಲಸದ ಒಂದು ಪಾಲು ನಡೆಯುವುದು ಹೈದರಾಬಾದಿನಲ್ಲೇ. 2019ರ ಫೆಬ್ರವರಿಯಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಈ ನಗರದ ಒಂದು ಹೊರಗುತ್ತಿಗೆ ಕಚೇರಿಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಬರಹ ಚಿತ್ರಗಳನ್ನು ಪರಿಶೀಲಿಸುವ ಸುಮಾರು 1,600 ಮಂದಿಯ ಬಗ್ಗೆ ವರದಿ ಮಾಡಿತು. ಕೆಲವು ವಿಭಾಗಗಳಲ್ಲಿ ಎಂಟು ಗಂಟೆಯ ಪಾಳಿಯಲ್ಲಿ ಒಬ್ಬರ ಮುಂದೆ 2,000 ತುಣುಕುಗಳು ಹಾದುಹೋಗುತ್ತವೆ, ಅಂದರೆ ನಿಮಿಷಕ್ಕೆ ನಾಲ್ಕು ಎಂದಿತ್ತು. ಸಂಬಳ ಸಾಲದು, ಒತ್ತಡ ತಾಳಲಾಗದು ಎಂದು ಕೆಲವರು ಹೇಳಿಕೊಂಡಿದ್ದರು. ಮಹಾಭಾರತದಲ್ಲಿ ವ್ಯಾಸರು ಯುದ್ಧ ನೋಡಲು ದೃಷ್ಟಿ ಕೊಡುತ್ತೇನೆಂದಾಗ ಧೃತರಾಷ್ಟ್ರ ಬೇಡವೆಂದ, ಬಂಧುಗಳ ಸಾವನ್ನು ಕಾಣಲಾರೆನೆಂದ. ದೃಷ್ಟಿ ಸಂಜಯನಿಗೆ ಹೋಯಿತು. ಕಂಡ ಮೇಲೆ ಸಂಜಯನಿಗೆ ನಿದ್ದೆ ಬಂತೇ ಎಂದು ನಾವು ಕೇಳಿದವರಲ್ಲ. ನಮ್ಮ ನಗರದಲ್ಲಿ ಕ್ಯಾಬಿನಿಂದಿಳಿದು ಪಾಳಿಗೆ ಹೋಗುವ ಇಪ್ಪತ್ತೈದರ ಹುಡುಗ ಹುಡುಗಿಯರಲ್ಲಿ ಎಷ್ಟು ಮಂದಿ ಸಂಜಯರೋ.

ಈ ಕೆಲಸ ಗಾಯ ಮಾಡುತ್ತದೆಂಬುದನ್ನು ವೈದ್ಯಶಾಸ್ತ್ರ ಒಪ್ಪಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ, ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಗುರುತಿಸುವಾಗ, ಪರದೆಯ ಮೇಲೆ ಕಂಡದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ಆದರೆ ನೋಡುವುದೇ ಉದ್ಯೋಗವಾಗಿದ್ದರೆ ತೆಗೆದುಕೊಳ್ಳುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಾಜಿ ಪರಿಶೀಲಕಿಯೊಬ್ಬರು ಫೇಸ್‌ಬುಕ್ ಮೇಲೆ ಹೂಡಿದ ಮೊಕದ್ದಮೆ 2020ರ ಮೇ ತಿಂಗಳಲ್ಲಿ 5.2 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. 11,250 ಪರಿಶೀಲಕರಿಗೆ ತಲಾ ಕನಿಷ್ಠ 1,000 ಡಾಲರ್. ಅವರೆಲ್ಲ ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ದುಡಿದವರು. ಅದೇ ಬಗೆಯ ಚಿತ್ರಗಳನ್ನು ಹೈದರಾಬಾದಿನಲ್ಲಿ ಕೂತು ನೋಡಿದವರು ಆ ಪಟ್ಟಿಯಲ್ಲಿರಲಿಲ್ಲ.

ಚಿತ್ರಗಳನ್ನೆಲ್ಲ ಅಳಿಸಿಬಿಡಿ ಎನ್ನುವುದೂ ಸರಿಯಾಗದು. ಮುರ್ಕಿಯ ಆರೋಪಿಗಳನ್ನು ಗುರುತಿಸಲು ಪೊಲೀಸರಿಗೆ ನೆರವಾದವುಗಳಲ್ಲಿ ಅಲ್ಲಿದ್ದವರೇ ತೆಗೆದ ವಿಡಿಯೋಗಳೂ ಸೇರಿದ್ದವು. ಘೌಟಾದ ಮಕ್ಕಳ ಚಿತ್ರ ಹೊರಬರದಿದ್ದರೆ ಅಲ್ಲಿ ವಿಷಾನಿಲ ಹರಿದದ್ದನ್ನು ಜಗತ್ತು ನಂಬುತ್ತಿರಲಿಲ್ಲ. ಊರು, ದಿನ, ಹೆಸರು ಉಳಿದಿರುವವರೆಗೆ ಚಿತ್ರ ಸಾಕ್ಷಿ. ಅವು ಕಳಚಿದ ಮೇಲೆ ಅದೇ ಚಿತ್ರ ಯಾರ ಕೈಗಾದರೂ ಸಿಗುವ ಕಲ್ಲು.

ಮುರ್ಕಿಯ ಘಟನೆಯಾದ ನಾಲ್ಕನೆಯ ದಿನ, 2018ರ ಜುಲೈ 17ರಂದು, ಗುಂಪುಹತ್ಯೆಗಳ ವಿರುದ್ಧ ಸುಪ್ರೀಂ ಕೋರ್ಟು ವಿಸ್ತಾರವಾದ ನಿರ್ದೇಶನಗಳನ್ನು ಕೊಟ್ಟಿತು. ಅದೇ ವಾರ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಾಡುವುದಾಗಿ ಪ್ರಕಟಿಸಿತು. 2019ರ ಜನವರಿಯಲ್ಲಿ ಅದನ್ನು ಜಗತ್ತಿಗೆಲ್ಲ ವಿಸ್ತರಿಸಿತು. 2012ರಲ್ಲಿ ಸರಕಾರ ಹಾಕಿದ ಮಿತಿಯೂ ಐದೇ ಆಗಿತ್ತೆಂಬುದನ್ನು ನೆನೆದರೆ, ಆರು ವರ್ಷಗಳಲ್ಲಿ ನಾವು ಅದೇ ಅಂಕಿಗೆ ಮರಳಿ ಬಂದಿದ್ದೆವು. ಇದಕ್ಕಿಂತ ನಮಗೆ ಹೆಚ್ಚು ಹಿಡಿಸಿದ್ದು ರಾಯಚೂರಿನ ನೆರೆಯ ಗದ್ವಾಲದಲ್ಲಿ ನಡೆದದ್ದು. ಅಂದಿನ ಪೊಲೀಸ್ ವರಿಷ್ಠಾಧಿಕಾರಿ ರೆಮಾ ರಾಜೇಶ್ವರಿ ಪ್ರತಿ ಹಳ್ಳಿಗೂ ಒಬ್ಬ ಪೊಲೀಸನನ್ನು ಜೋಡಿಸಿ, ಊರಿನ ವಾಟ್ಸಾಪ್ ಗುಂಪುಗಳಲ್ಲಿ ಅವರನ್ನು ಸೇರಿಸಿ, ಡಂಗುರ ಹೊಡೆಸಿ, ಜನಪದ ಹಾಡುಗಾರರಿಂದ ಹಾಡಿಸಿ, ಈ ವಿಡಿಯೋಗಳು ಎಲ್ಲಿಯವೆಂದು ತಿಳಿಸಿದರು. ಪರದೆಯ ಮೇಲೆ ಬಂದ ಭಯವನ್ನು ಗುರುತಿನ ಮುಖವೊಂದು ಎದುರು ನಿಂತು ಇಳಿಸಬೇಕಾಯಿತು.

ನಮ್ಮ ಬಳಗದಲ್ಲಿ ಅಂದಿನಿಂದ ಒಂದು ರೂಢಿಯಿದೆ. ಹಿಂಸೆಯ ಯಾವುದೇ ಚಿತ್ರ ಬಂದರೆ ಮೂರು ಮಾತು ಕೇಳುತ್ತೇವೆ: ಯಾವ ಊರು? ಯಾವ ದಿನ? ಇದರಲ್ಲಿರುವವರ ಮನೆಯವರು ಇದನ್ನು ನಾವು ಹಂಚುವುದನ್ನು ಬಯಸುವರೇ? ಹೆಚ್ಚಿನವು ಮೊದಲ ಪ್ರಶ್ನೆಯಲ್ಲೇ ನಿಲ್ಲುತ್ತವೆ. ನೋಡಿದ್ದು ನಿದ್ದೆ ಕೆಡಿಸುವಷ್ಟಾದರೆ 14416ಕ್ಕೆ ಕರೆ ಮಾಡಬಹುದೆಂದು ಹಿರಿಯರಿಗೂ ಮಕ್ಕಳಿಗೂ ಹೇಳಿಕೊಟ್ಟಿದ್ದೇವೆ. ಅದು 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆ, ಕನ್ನಡದಲ್ಲೂ ಮಾತಾಡಬಹುದು.

ಕಳೆದ ವರ್ಷ ಬಳಗದವರೊಬ್ಬರ ಮನೆಯ ಮದುವೆಗೆಂದು ನಾವು ಬೀದರ ಜಿಲ್ಲೆಗೆ ಹೋಗಿದ್ದೆವು. ಚಹಾ ಕುಡಿಯಲು ಒಂದು ಹಳ್ಳಿಯ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆವು. ತೆಲಂಗಾಣದ ನೋಂದಣಿಯ ಕಾರು. ನಾಲ್ಕೈದು ವರ್ಷದ ಹುಡುಗಿಯೊಬ್ಬಳು ಬಂದು ನಮ್ಮನ್ನೇ ನೋಡುತ್ತ ನಿಂತಳು. ಚೀಲದಲ್ಲಿ ಬಿಸ್ಕತ್ತಿತ್ತು. ಕೈ ಚೀಲದೊಳಗೆ ಹೋಯಿತು, ಅಲ್ಲೇ ನಿಂತಿತು. ಯಾರಾದರೂ ಮೊಬೈಲು ಎತ್ತಿದ್ದಾರೆಯೇ ಎಂದು ನಾವು ಸುತ್ತ ನೋಡಿದೆವು. ಅಷ್ಟರಲ್ಲಿ ಅಂಗಡಿಯ ಅಜ್ಜಿ ಹೊರಗೆ ಬಂದು ಕೇಳಿದರು: ‘ಯಾವೂರ್ರಿ ನಿಮ್ದು?’ ಹೇಳಿದೆವು. ಯಾರ ಮನೆಯ ಮದುವೆ, ಯಾವತ್ತು ಅಕ್ಷತೆ ಎಂದೂ ಕೇಳಿದರು, ಅದನ್ನೂ ಹೇಳಿದೆವು. ಆಮೇಲೆ ಅವರೇ ಮೊಮ್ಮಗಳ ಬೆನ್ನು ತಟ್ಟಿ ‘ತಗೋ ಅವ್ವಿ, ಕಾಕಾ ಕೊಡ್ತಾರ’ ಎಂದರು. ಹುಡುಗಿ ಎರಡೂ ಕೈ ಚಾಚಿದಳು.